ಏಳು ಡಬ್ಬ ಹಿಂಡಿ

ಮೊದಲೇ ಬರೆದುಬಿಡುತ್ತೇನೆ. ನನ್ನ ಓರಗಿತ್ತಿ ಕಳ್ಳಿಯಲ್ಲ. ಹಾಲಿನ ಫಾರಂನ ಹಿಂಡಿಯನ್ನು ಅವಳು ಕದಿಯಲಿಲ್ಲ. ಕದ್ದಳು ಎಂದು ಕಾಗದ ಅಂಟಿಸಿದವರು, ಆ ಕಾಗದಕ್ಕೆ ತಲೆಯಾಡಿಸಿದವರು ಬಹಳ ಜನ. ಅವರಲ್ಲಿ ಕೆಲವರು ಸತ್ತಿದ್ದಾರೆ, ಕೆಲವರು ಮೊಮ್ಮಕ್ಕಳನ್ನು ಆಡಿಸಿಕೊಂಡು ಸುಖವಾಗಿದ್ದಾರೆ. ನಾನು ಮೂರನೆಯ ತರಗತಿವರೆಗೆ ಓದಿದವಳು. ಕಾಗುಣಿತ ತಪ್ಪಿದ ಕಡೆ ಮೊಮ್ಮಗಳು ತಿದ್ದುತ್ತಾಳೆ. ಹೇಳುವ ಮಾತನ್ನು ಮಾತ್ರ ಯಾರೂ ತಿದ್ದುವುದು ಬೇಡ.

ಅವಳು ನನ್ನ ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ, ಫಾರಂನವರು ಹಿಂಡಿಯಕ್ಕ ಎನ್ನುತ್ತಿದ್ದರು. ಭಾವ ಅದೇ ಫಾರಂನಲ್ಲಿ ಹಾಲು ಕರೆಯುತ್ತಿದ್ದವರು. ಜ್ವರ ಬಂದು ಎಂಟೇ ದಿನದಲ್ಲಿ ಹೋಗಿಬಿಟ್ಟರು. ಫಾರಂ ನಡೆಸುತ್ತಿದ್ದ ಕಮಿಟಿಯವರು ಕನಿಕರಪಟ್ಟು ಅಕ್ಕನಿಗೆ ಸಗಣಿ ಬಾಚುವ ಕೆಲಸ ಕೊಟ್ಟರು. ಕನಿಕರ ಎಂದು ಅವರೇ ಹೇಳಿಕೊಂಡದ್ದು, ನಾನಲ್ಲ. ಅರವತ್ತೆರಡು ಹಸುಗಳ ಸಗಣಿಯನ್ನು ಇಬ್ಬರು ಬಾಚಬೇಕಿತ್ತು, ಅಕ್ಕ ಬಂದ ಮೇಲೆ ಆ ಇನ್ನೊಬ್ಬನನ್ನು ಬೇರೆ ಕೆಲಸಕ್ಕೆ ಹಾಕಿದರು.

ಆರು ವರ್ಷ ಬಾಚಿದಳು. ಸಗಣಿ ಬಾಚುವಾಗ ಎಲ್ಲರೂ ಮೂಗು ಆಚೆ ತಿರುಗಿಸುತ್ತಾರೆ. ಇವಳು ಬಗ್ಗಿ ನೋಡುತ್ತಿದ್ದಳು. ಒಂದು ಕಡ್ಡಿ ಹಿಡಿದು ಕೆದಕಿ, ಯಾವ ಹಸುವಿನದು, ನಿನ್ನೆ ಹೇಗಿತ್ತು, ಇವತ್ತು ಹೇಗಿದೆ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು. "ಹಸು ಬಾಯಿ ಬಿಟ್ಟು ಹೇಳಲ್ಲ ಅಂತೀರಿ. ಅದು ಹಿಂದಿನಿಂದ ಹೇಳುತ್ತೆ ಕಣ್ರೇ, ಕೇಳಿಸ್ಕೊಳ್ಳೋರು ಬೇಕು" ಎನ್ನುತ್ತಿದ್ದಳು. ನಾವು ಹಾಲು ಕರೆಯುವ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಸರಿಯಾಗಿ ತಿಂದ ಹಸುವಿನ ಸಗಣಿ ನೆಲಕ್ಕೆ ಬಿದ್ದರೆ ಅಂಗೈ ತಟ್ಟಿದ ಹಾಗೆ ಸದ್ದಾಗಬೇಕಂತೆ. ಬಿದ್ದದ್ದು ಎರಡು ಮೂರು ಸುತ್ತಾಗಿ ಕೂತು, ನಡುವೆ ಹೆಬ್ಬೆರಳು ಒತ್ತಿದಂಥ ಗುಳಿ ಇರಬೇಕಂತೆ. ಹಿಂಡಿ ಸಾಲದಿದ್ದರೆ ಅದು ಗಟ್ಟಿಯಾಗಿ ಗುಡ್ಡೆ ಕೂರುತ್ತದೆ. ಹಿಂಡಿ ಅತಿಯಾದರೆ ತೆಳ್ಳಗೆ ಹರಡಿ, ಕಪ್ಪಗೆ ಹೊಳೆದು, ಗಬ್ಬು ನಾರುತ್ತದೆ. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿದ್ದಲ್ಲ. ಆರು ವರ್ಷ ಬಗ್ಗಿದ ಸೊಂಟ ಕಲಿಸಿದ್ದು.

ಹಿಂಡಿ ಕೋಣೆಯ ಮುದುಕ ಬೆನ್ನುನೋವು ಎಂದು ಕೆಲಸ ಬಿಟ್ಟಾಗ ಆ ಜಾಗಕ್ಕೆ ಅಕ್ಕನನ್ನು ಹಾಕಿದರು. ಹಿಂಡಿ ಕೋಣೆ ಎಂದರೆ ಎತ್ತರದ ಒಂದು ತಗಡಿನ ಶೆಡ್ಡು. ಒಂದು ಗೋಡೆಗೆ ಹಿಂಡಿಯ ಚೀಲ, ಇನ್ನೊಂದಕ್ಕೆ ಬೂಸಾ, ಬಾಗಿಲ ಹತ್ತಿರ ಮೆಕ್ಕೆಜೋಳದ ನುಚ್ಚು. ನಡುವೆ ಸಿಮೆಂಟಿನ ನೆಲ. ಮೂರನ್ನೂ ಡಬ್ಬದಲ್ಲಿ ಅಳೆದು ಆ ನೆಲದ ಮೇಲೆ ರಾಶಿ ಹಾಕಿ, ಸಲಿಕೆಯಿಂದ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಮಗುಚಬೇಕು. ಅಕ್ಕ ಕುಳ್ಳಿ. ಸಲಿಕೆ ಅವಳ ಕಿವಿಯವರೆಗೆ ಬರುತ್ತಿತ್ತು. ಮಧ್ಯಾಹ್ನ ಆ ಕೋಣೆಯಿಂದ ಹೊರಬಂದರೆ ರೆಪ್ಪೆಯ ಮೇಲೆಲ್ಲ ಬೂಸಾ ಕೂತು, ಕಣ್ಣು ಮಿಟುಕಿಸಿದಾಗ ಉದುರುತ್ತಿತ್ತು.

ನಾವು ಫಾರಂನ ವಸತಿಯಲ್ಲೇ ಇದ್ದೆವು, ಎರಡು ಕೋಣೆಯ ಮನೆ. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ನಾನು, ಹಾಲಿನ ವ್ಯಾನು ಓಡಿಸುತ್ತಿದ್ದ ನನ್ನ ಯಜಮಾನರು, ನಮ್ಮ ಮಗಳು. ಅಕ್ಕನ ಬಾಯಿ ಬಲು ಜೋರು. ನಾನು ಬಸುರಿಯಾಗಿದ್ದಾಗ ತಟ್ಟೆಗೆ ಬಡಿಸುತ್ತಾ, "ತಿನ್ನೇ. ಗಬ್ಬದ ಹಸುಗೆ ಕೊನೇ ಎರಡು ತಿಂಗಳು ಕೈ ಹಿಡೀಬಾರ್ದು" ಎಂದಿದ್ದಳು. ನನ್ನ ಯಜಮಾನರು ಊಟ ಬಿಟ್ಟು ನಕ್ಕರು. "ನೀನೇನು ನಗ್ತೀಯ ಮೈದುನ? ನಿನಗೆ ಒಣಹುಲ್ಲು ಸಾಕು" ಎಂದಳು. ಹಾಗೆ ಇದ್ದೆವು.

ಈಗ ಮೇಸ್ತ್ರಿಯ ವಿಷಯಕ್ಕೆ ಬರುತ್ತೇನೆ. ಹೆಸರು ಬರೆಯುವುದಿಲ್ಲ, ಬರೆದರೆ ಅವನಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ. ಫಾರಂನ ಕೆಲಸಗಾರರೆಲ್ಲ ಅವನ ಕೈಕೆಳಗೆ. ಬಿಳಿ ಬೂಟು ಹಾಕುತ್ತಿದ್ದ. ದನದ ಕೊಟ್ಟಿಗೆಯಲ್ಲಿ ಬಿಳಿ ಬೂಟು! ಅದು ಕೊಳೆಯಾಗಬಾರದೆಂದು ಮೂರನೆಯ ಹಸುವಿನಿಂದ ಆಚೆ ಅವನು ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕೂಗುತ್ತಿದ್ದ. ಉಳಿದ ಐವತ್ತೊಂಬತ್ತು ಹಸುಗಳ ಮುಖ ಅವನು ಕಂಡಿದ್ದನೋ ಇಲ್ಲವೋ ನನಗಂತೂ ಅನುಮಾನ.

ಹಿಂಡಿ ಕೋಣೆಯ ಗೋಡೆಗೆ ಒಂದು ಚಾರ್ಟು ಇತ್ತು. ಹಳೆಯ ದನದ ಡಾಕ್ಟರು ಬರೆದು ಹಾಕಿದ್ದು. ಅವರು ನಿವೃತ್ತರಾಗಿ ಹೋದ ಮೇಲೂ ಚಾರ್ಟು ಹಾಗೇ ಇತ್ತು, ಗಾಜು ಹಾಕಿಸಿದ್ದರು. ಒಂದು ರಾಶಿಗೆ ಹಿಂಡಿ ಹನ್ನೆರಡು ಡಬ್ಬ, ಬೂಸಾ ಹನ್ನೆರಡು, ನುಚ್ಚು ಆರು. ಕೊನೆಯ ಸಾಲಿನಲ್ಲಿ, ಹಸಿ ಮೇವು ಹೊಟ್ಟೆ ತುಂಬ. ಅಕ್ಕನಿಗೆ ಓದಲು ಬಾರದು, ನಾನೇ ಓದಿ ಹೇಳಿದ್ದೆ. ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಏಳೆಂಟು ವರ್ಷ ಅದರಂತೆಯೇ ಹಾಕಿದಳು, ಹಸುಗಳು ಚೆನ್ನಾಗಿಯೇ ಇದ್ದವು.

ಒಂದು ವರ್ಷ ಕಮಿಟಿಯವರು ಎಲ್ಲೋ ದೊಡ್ಡ ಫಾರಂ ನೋಡಿಕೊಂಡು ಬಂದರು. ಬಂದವರೇ ಹಿಂದಿನ ಹೊಲದಲ್ಲಿ ಮೇವಿನ ಜೋಳ ತೆಗೆಸಿ ಕುದುರೆ ಮೆಂತ್ಯ ಹಾಕಿಸಿದರು. ಕುದುರೆ ಮೆಂತ್ಯ ಸಣ್ಣ ಎಲೆಯ ಸೊಪ್ಪು, ದನಕ್ಕೆ ಬಲು ಪುಷ್ಟಿ. ಜೋಳದ ಮೇವಿನಲ್ಲಿ ಇಲ್ಲದಷ್ಟು ಪ್ರೋಟೀನು ಅದರಲ್ಲಿದೆ ಎಂದು ಅಧ್ಯಕ್ಷರು ಭಾಷಣವನ್ನೂ ಮಾಡಿದರು. ಸರಿ, ಒಳ್ಳೆಯದೇ. ಆದರೆ ಸೊಪ್ಪಿನಲ್ಲಿ ಅಷ್ಟು ಪ್ರೋಟೀನು ಬಂತು ಎಂದ ಮೇಲೆ ಹಿಂಡಿಯಲ್ಲಿ ಅಷ್ಟನ್ನು ಇಳಿಸಬೇಕಲ್ಲ? ಅದು ಯಾರ ತಲೆಗೂ ಹೊಳೆಯಲಿಲ್ಲ. ಅವರ ಪಾಲಿಗೆ ಹಿಂಡಿ ಎಂದರೆ ಆಹಾರ, ಮೇವು ಎಂದರೆ ಬರೀ ಹೊಟ್ಟೆ ತುಂಬುವ ಹುಲ್ಲು. ಚಾರ್ಟಿನಲ್ಲಿ ಹಸಿ ಮೇವು ಎಂದಿದೆ, ಜೋಳದ ದಂಟೂ ಹಸಿ ಮೇವು, ಇದೂ ಹಸಿ ಮೇವು. ಮುಗಿಯಿತು.

ಇಪ್ಪತ್ತು ದಿನದಲ್ಲಿ ಕೊಟ್ಟಿಗೆಯ ವಾಸನೆ ಬದಲಾಯಿತು. ಗಂಜಲದ ವಾಸನೆ ಇರುವುದೇ. ಇದು ಬೇರೆ. ಬೆಳಿಗ್ಗೆ ಬಾಗಿಲು ತೆಗೆದರೆ ಈರುಳ್ಳಿ ಹೆಚ್ಚಿದ ಹಾಗೆ ಕಣ್ಣಲ್ಲಿ ನೀರು. ಹಾಲು ಕರೆಯುವಾಗ ನಾವು ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಸಗಣಿ ನೀರಾಯಿತು, ಹಸುಗಳ ಬಾಲ, ಕೆಚ್ಚಲು ಎಲ್ಲ ಗಲೀಜು. ಹಾಲು ಒಂದಿಷ್ಟು ಹೆಚ್ಚಿ ಮತ್ತೆ ಇಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಬೆದೆಗೆ ಬಂದ ಹಸುಗಳಿಗೆ ಎರಡು ಸಲ, ಮೂರು ಸಲ ಬೀಜದ ಸೂಜಿ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ.

ಅಕ್ಕ ನಾಲ್ಕು ದಿನ ಕಡ್ಡಿ ಹಿಡಿದು ಸಗಣಿ ಕೆದಕುತ್ತಾ ಓಡಾಡಿದಳು. ಐದನೆಯ ದಿನ ಮೇಸ್ತ್ರಿಯ ಹತ್ತಿರ ಹೋದಳು. ನಾನು ಹಾಲಿನ ಕ್ಯಾನು ತೊಳೆಯುತ್ತಾ ಅಲ್ಲೇ ಇದ್ದೆ.

"ಮೇಸ್ತ್ರಿ, ಹಿಂಡಿ ಜಾಸ್ತಿ ಆಗ್ತಿದೆ. ಇಳಿಸ್ಬೇಕು."

"ಚಾರ್ಟಲ್ಲಿ ಎಷ್ಟಿದೆ?"

"ಹನ್ನೆರಡು. ಆದ್ರೆ ಆ ಚಾರ್ಟು ಜೋಳದ ಮೇವಿನ ಕಾಲದ್ದು. ಈಗ ಸೊಪ್ಪಲ್ಲೇ ಅರ್ಧ ಹಿಂಡಿ ಇದೆ. ಒಂದು ಸಲ ಒಳಗೆ ಬಂದು ಸಗಣಿ ನೋಡಿ."

"ನಾನು ಸಗಣಿ ನೋಡ್ಬೇಕಾ?" ಅವನು ತನ್ನ ಬೂಟು ನೋಡಿಕೊಂಡ. "ಏನಮ್ಮಾ, ಡಾಕ್ಟ್ರು ಓದಿ ಬರೆದಿರೋದಕ್ಕಿಂತ ನಿನಗೆ ಜಾಸ್ತಿ ಗೊತ್ತಾ?"

"ಡಾಕ್ಟ್ರಿಗೆ ಗೊತ್ತು. ಚಾರ್ಟಿಗೆ ಗೊತ್ತಿಲ್ಲ."

"ಬಾಯಿ ಮುಚ್ಕೊಂಡು ಚಾರ್ಟಲ್ಲಿ ಇದ್ದಷ್ಟು ಹಾಕು."

ಮೂರು ಸಲ ಹೋದಳು. ಮೂರು ಸಲವೂ ಇದೇ ಉತ್ತರ. ಹೊಸ ಡಾಕ್ಟರನ್ನು ಇನ್ನೂ ಹಾಕಿರಲಿಲ್ಲ. ಅಧ್ಯಕ್ಷರ ಹತ್ತಿರ ಹೋಗಬೇಕೆಂದರೆ ಮೇಸ್ತ್ರಿಯ ಅಪ್ಪಣೆ ಬೇಕು.

ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ರಾಶಿಗೆ ಹನ್ನೆರಡರ ಬದಲು ಏಳು ಡಬ್ಬ ಹಿಂಡಿ ಹಾಕಿ, ನುಚ್ಚನ್ನು ಆರರಿಂದ ಹನ್ನೊಂದಕ್ಕೆ ಏರಿಸಿದಳು. "ಇದೇನಕ್ಕಾ?" ಎಂದು ನಾನು ಕೇಳಿದ್ದಕ್ಕೆ, "ಮನೆ ಕಟ್ಟೋಕೆ ಬರೀ ಇಟ್ಟಿಗೆ ತಂದು ಸುರಿದ್ರೆ ಗೋಡೆ ಏಳುತ್ತೇನೇ? ಗಾರೆ ಬೇಡ್ವಾ? ಹಿಂಡಿ ಇಟ್ಟಿಗೆ, ನುಚ್ಚು ಗಾರೆ. ಉಳಿದ ಇಟ್ಟಿಗೇನ ಪಾಪ ಹಸು ಹೊತ್ತು ಹೊರಗೆ ಹಾಕ್ತಿದೆ. ನಿನ್ನ ಕಣ್ಣು ಉರೀತಿರೋದು ಅದಕ್ಕೇ" ಎಂದಳು. ಎಷ್ಟೋ ವರ್ಷದ ಮೇಲೆ ಮಗಳ ಮಗಳಿಂದ ದನ ಸಾಕಣೆಯ ಪುಸ್ತಕ ಓದಿಸಿ ಕೇಳಿದ್ದೇನೆ. ಅದರಲ್ಲೂ ಇದೇ ಮಾತು ಇದೆ, ಗಾರೆ ಇಟ್ಟಿಗೆ ಇಲ್ಲ, ಅಷ್ಟೇ.

ಹಿಂಡಿ ಉಳಿಯತೊಡಗಿತು. ನುಚ್ಚು ಬೇಗ ಮುಗಿದರೂ ಅಗ್ಗದ್ದೆಂದು ಮೇಸ್ತ್ರಿ ಅದರ ಲೆಕ್ಕ ಇಡುತ್ತಿರಲಿಲ್ಲ. ಹಿಂಡಿಯ ಚೀಲ ಕರಗದೇ ಇದ್ದರೆ ಮಾತ್ರ ಅವನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಎದುರಿಗೆ ನಿಂತು ಹನ್ನೆರಡು ಹಾಕಿಸುತ್ತಾನೆ. ಅದಕ್ಕೆ ವಾರಕ್ಕೊಂದೆರಡು ಚೀಲವನ್ನು ಅಕ್ಕ ಹಿಂದಿನ ಹಳೆಯ ಕರುವಿನ ಕೊಟ್ಟಿಗೆಗೆ ಸಾಗಿಸಿ, ಮೇಲೆ ಹುಲ್ಲು ಹೊದಿಸಿದಳು. ಒಬ್ಬಳೇ ಅಲ್ಲ. ಚೀಲದ ಒಂದು ಕಡೆ ಅವಳು ಹಿಡಿದರೆ ಇನ್ನೊಂದು ಕಡೆ ನಾನು ಹಿಡಿದಿದ್ದೆ. ಹಾಡಹಗಲಲ್ಲೇ, ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ. ಹನ್ನೊಂದು ಚೀಲ. ಹನ್ನೊಂದಕ್ಕೂ ನಾನು ಕೈ ಕೊಟ್ಟಿದ್ದೇನೆ. ಇದನ್ನು ನೆನಪಿಡಿ.

ಎರಡು ತಿಂಗಳಲ್ಲಿ ಕೊಟ್ಟಿಗೆಯ ಉರಿ ಹೋಯಿತು. ಸಗಣಿ ಸುತ್ತಾಗಿ ಕೂರತೊಡಗಿತು. ಹಾಲು ಏರಿತು. ಒಂಬತ್ತು ಹಸುಗಳು ಗಬ್ಬ ಕಟ್ಟಿದವು. ಅಧ್ಯಕ್ಷರು ಬಂದು ಮೇಸ್ತ್ರಿಯ ಬೆನ್ನು ತಟ್ಟಿದರು. "ನೋಡಿದ್ರಾ ಕುದುರೆ ಮೆಂತ್ಯದ ಪ್ರತಾಪ!" ಎಂದರು. ಮೇಸ್ತ್ರಿ ಹಲ್ಲು ಬಿಟ್ಟ. ಅಕ್ಕ ಸಲಿಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನಗೆ ಹೊಟ್ಟೆ ಉರಿದುಹೋಯಿತು. ಅವಳು ಮಾತ್ರ, "ಗಬ್ಬ ನಿಲ್ತಲ್ಲ, ಸಾಕು ಬಿಡೇ" ಎಂದಳು.

ಹಳೆಯ ಕೊಟ್ಟಿಗೆಗೆ ಹೊಸ ತಗಡು ಹಾಕಿಸಲು ಮೇಸ್ತ್ರಿ ಆಳುಗಳನ್ನು ಕರೆತಂದ ದಿನ ಹುಲ್ಲು ಸರಿಯಿತು.

ಅರ್ಧ ಗಂಟೆಯಲ್ಲಿ ಇಡೀ ಫಾರಂಗೆ ಸುದ್ದಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ನಿನ್ನೆಯವರೆಗೆ ಅಕ್ಕನ ಜೊತೆ ಚಹಾ ಕುಡಿದವರೇ, "ಅದಕ್ಕೇ ನೋಡು, ಅಷ್ಟು ಬಾಯಿ" ಎಂದರು. ಬಾಯಿಗೂ ಕಳ್ಳತನಕ್ಕೂ ಏನು ಸಂಬಂಧವೋ ದೇವರೇ ಬಲ್ಲ.

ಮರುದಿನ ಕಮಿಟಿಯ ಕೋಣೆಗೆ ಕರೆದರು. ಉದ್ದನೆಯ ಮೇಜು, ಆ ಕಡೆ ಐದು ಜನ, ಈ ಕಡೆ ಅಕ್ಕ ನಿಂತಿದ್ದಾಳೆ. ಗೋಡೆಗೆ ಒರಗಿ ನಾನು, ನನ್ನ ಪಕ್ಕಕ್ಕೆ ನನ್ನ ಯಜಮಾನರು. ಹಿಂದಿನ ದಿನ ಮನೆಯಲ್ಲಿ ಯಜಮಾನರು ನನಗೆ ಹೇಳಿದ್ದರು, "ಅತ್ತಿಗೆ ಕೆಲಸ ಹೇಗೂ ಹೋಗುತ್ತೆ. ನೀನೂ ಚೀಲ ಹೊತ್ತೆ ಅಂದ್ರೆ ನಿನ್ನದೂ ಹೋಗುತ್ತೆ, ನನ್ನದೂ ಹೋಗುತ್ತೆ, ಈ ಮನೇನೂ ಹೋಗುತ್ತೆ. ಮಗು ಕರ್ಕೊಂಡು ಎಲ್ಲಿಗೆ ಹೋಗೋಣ?" ಅವರನ್ನು ಈಗ ಬೈದು ಪ್ರಯೋಜನವಿಲ್ಲ, ಅವರೂ ಹೋಗಿ ಒಂಬತ್ತು ವರ್ಷವಾಯಿತು. ಬಾಯಿ ಅವರದಲ್ಲ, ನನ್ನದು.

ಮೇಸ್ತ್ರಿ ಹೇಳಿದ, "ಚಾರ್ಟಿನ ಪ್ರಕಾರ ಹನ್ನೆರಡು. ಈಕೆ ಹಾಕ್ತಿದ್ದದ್ದು ಏಳು, ಈಕೇನೇ ಒಪ್ಕೊಂಡಿದ್ದಾಳೆ. ಹಸುಗಳ ಬಾಯಿಂದ ಕಿತ್ತು ಬಚ್ಚಿಟ್ಟಿದ್ದಾಳೆ. ಸಮಯ ನೋಡಿ ಹೊರಗೆ ಸಾಗಿಸೋಕೆ."

"ಸಾಗಿಸೋ ಹಾಗಿದ್ರೆ ಎರಡು ತಿಂಗಳಿಂದ ಒಂದಾದ್ರೂ ಚೀಲ ಆಚೆ ಹೋಗ್ತಿರ್ಲಿಲ್ವಾ?" ಅಕ್ಕ ಕೇಳಿದಳು. "ಮೂರು ಸಲ ನಿಮಗೆ ಹೇಳ್ದೆ ಮೇಸ್ತ್ರಿ, ಹಿಂಡಿ ಅತಿಯಾಯ್ತು ಅಂತ. ಹೇಳಿದ್ನೋ ಇಲ್ವೋ?"

"ನನಗೆ ನೆನಪಿಲ್ಲ."

ಅವನು ಹಾಗೆ ಹೇಳಿದಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ರೆಪ್ಪೆ ಕೂಡ ಅಲುಗಲಿಲ್ಲ. ಕ್ಯಾನು ತೊಳೆಯುತ್ತಾ ನಾನು ಕೇಳಿಸಿಕೊಂಡದ್ದು ಅವನಿಗೂ ಗೊತ್ತಿತ್ತು.

ಅಕ್ಕ ಅಧ್ಯಕ್ಷರ ಕಡೆ ತಿರುಗಿ ಸಗಣಿಯ ವಿಷಯ ಹೇಳಲು ಹೊರಟಳು. ನೀರಾಗಿದ್ದದ್ದು, ಕಣ್ಣುರಿ, ಗಬ್ಬ ನಿಲ್ಲದ್ದು, ಆಮೇಲೆ ನಿಂತದ್ದು. ಅಧ್ಯಕ್ಷರು ಅರ್ಧಕ್ಕೇ ತಡೆದು, "ಏನು, ಹಸುಗಳು ಸಗಣೀಲಿ ಕಾಗದ ಬರೆದು ಕಳಿಸ್ತಿದ್ವಾ ನಿನಗೆ?" ಎಂದರು. ಐದೂ ಜನ ನಕ್ಕರು. ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದೇ ಮಾತಿಗೆ ನಾವೂ ಒಂದು ಕಾಲದಲ್ಲಿ ನಕ್ಕಿದ್ದೆವು, ಅದೂ ಹೋಗಿಲ್ಲ.

"ಇವಳ ಓರಗಿತ್ತೀನೇ ಕೇಳೋಣ" ಎಂದ ಮೇಸ್ತ್ರಿ. "ಏನಮ್ಮಾ, ಏಳೇ ಡಬ್ಬ ಹಾಕ್ತಿದ್ದದ್ದು ನೀನು ಕಂಡಿದ್ದೀಯಾ?"

"ಕಂಡಿದ್ದೀನಿ."

"ಚೀಲಾನ ಹಳೇ ಕೊಟ್ಟಿಗೇಲಿ ಇಟ್ಟದ್ದು ಯಾರು?"

"ಅಕ್ಕ."

ಅಷ್ಟೇ. ಎರಡೂ ನಿಜವೇ. ಸುಳ್ಳು ಹೇಳಿದ್ದರೆ ಇಷ್ಟು ಪಾಪ ಅಂಟುತ್ತಿರಲಿಲ್ಲವೇನೋ.

ಅಕ್ಕ ತಿರುಗಿ ನನ್ನನ್ನು ನೋಡಿದಳು. 'ಇನ್ನೊಂದು ಕಡೆ ಹಿಡಿದವಳು ಇವಳೇ' ಎಂದು ಅವಳು ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮೇಜಿನ ಕಡೆ ತಿರುಗಿ, "ಹೌದು. ನಾನೇ ಇಟ್ಟದ್ದು. ಒಬ್ಬಳೇ" ಎಂದಳು.

ಕೆಲಸದಿಂದ ತೆಗೆದರು. ತೆಗೆದದ್ದು ಸಾಲದೆಂದು ಹಿಂಡಿ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಕಳ್ಳತನದ ಕಾರಣಕ್ಕೆ ಇಂಥವಳನ್ನು ತೆಗೆಯಲಾಗಿದೆ, ಫಾರಂನ ಒಳಗೆ ಯಾರೂ ಬಿಡಕೂಡದು. ಹೆಸರು ದಪ್ಪ ಅಕ್ಷರದಲ್ಲಿ. ಹದಿನೈದು ವರ್ಷ ದುಡಿದವಳು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಹೊರಟಳು. ಊರಿನ ಆ ತುದಿಯಲ್ಲಿ ಒಬ್ಬ ಟೈಲರನ ಅಂಗಡಿಯ ಹಿಂದೆ ಕೋಣೆ ಸಿಕ್ಕಿತು. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಅವಳ ಟ್ರಂಕು ಎತ್ತಲು ಹೋದ ನನ್ನ ಕೈಯನ್ನು ಅವಳು ಮೆಲ್ಲಗೆ ಸರಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇತ್ತ ಫಾರಂನಲ್ಲಿ ಮೇಸ್ತ್ರಿ ಚಾರ್ಟಿನ ಹನ್ನೆರಡಕ್ಕೆ ಮರಳಿದ. ಬಚ್ಚಿಟ್ಟ ಹನ್ನೊಂದು ಚೀಲ ಕೆಡುವ ಮೊದಲೇ ಮುಗಿಯಲಿ ಎಂದು ಹದಿನಾಲ್ಕು ಹಾಕಿಸಿದ. ಹತ್ತು ದಿನದಲ್ಲಿ ಕಣ್ಣುರಿ ವಾಪಸು ಬಂತು. ಕೊಟ್ಟಿಗೆ ಕೊಳೆತ ಮೊಟ್ಟೆಯಂತೆ ನಾರಿತು. ಹಾಲು ಇಳಿಯಿತು, ಗಬ್ಬ ನಿಲ್ಲುವುದು ನಿಂತುಹೋಯಿತು. ಎರಡು ಹಸುಗಳು ಕಾಲು ನೋವು ಬಂದು ಏಳಲಾರದೇ ಹೋದವು. ಕಳ್ಳಿ ಹೋದ ಮೇಲೆ ಹಸುಗಳಿಗೆ ಹಿಂಡಿ ಪೂರ್ತಿ ಸಿಗುತ್ತಿದೆ, ಆದರೂ ಯಾಕೆ ಹೀಗೆ ಎಂದು ಆ ಐದು ಜನರಲ್ಲಿ ಒಬ್ಬನಾದರೂ ಕೇಳಿದನೇ? ಇಲ್ಲ. ದೃಷ್ಟಿಯಾಗಿದೆ ಎಂದ ಒಬ್ಬ. ನೀರು ಸರಿಯಿಲ್ಲ ಎಂದ ಇನ್ನೊಬ್ಬ.

ಕೊನೆಗೆ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸ್ಕೂಟರಿನಲ್ಲಿ. ಮೇಸ್ತ್ರಿ ಬಾಗಿಲಲ್ಲಿ ನಿಂತು ವಿವರಿಸತೊಡಗಿದರೆ ಅವರು ಅವನನ್ನು ದಾಟಿಕೊಂಡು ನೇರ ಒಳಗೆ ನಡೆದು, ಸಾಲಿನ ಕೊನೆಯ ಹಸುವಿನ ಹಿಂದೆ ಬಗ್ಗಿ ಸಗಣಿ ನೋಡಿದರು. ನಾನು ಆ ಹಸುವಿನ ಹಾಲು ಕರೆಯುತ್ತಿದ್ದೆ. ನನ್ನ ಕೈ ನಿಂತುಹೋಯಿತು.

ಸೊಪ್ಪು ನೋಡಿದರು, ಚಾರ್ಟು ನೋಡಿದರು, ಹಾಲನ್ನು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಬಂದು ಹಿಂಡಿ ಕೋಣೆಯಲ್ಲೇ ಎಲ್ಲರನ್ನೂ ಸೇರಿಸಿದರು. ಅಧ್ಯಕ್ಷರೂ ಇದ್ದರು.

"ಹಸುಗಳಿಗೆ ಪ್ರೋಟೀನು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಹೋಗ್ತಿದೆ" ಎಂದರು. "ಅದನ್ನ ಬಳಸ್ಕೊಳ್ಳೋಕೆ ಬೇಕಾದ ಶಕ್ತಿ ನುಚ್ಚಿನಿಂದ ಸಿಗ್ತಿಲ್ಲ. ಉಳಿದದ್ದು ಹೊಟ್ಟೇಲಿ ವಿಷದ ಹಾಗೆ ಆಗಿ ಗಂಜಲದಲ್ಲಿ ಹೋಗ್ತಿದೆ. ಹೀಗಿದ್ರೆ ಗಬ್ಬ ಎಲ್ಲಿ ನಿಲ್ಲುತ್ತೆ? ಈ ಸೊಪ್ಪಿನ ಜೊತೆ ಹಿಂಡಿ ಆರು ಡಬ್ಬ ಸಾಕು, ನುಚ್ಚು ಹನ್ನೆರಡು ಮಾಡಿ. ಜೊತೆಗೆ ಲವಣದ ಪುಡಿ."

ಅಕ್ಕನದು ಏಳು, ಇವರದು ಆರು. ಅಕ್ಕನದು ಹನ್ನೊಂದು, ಇವರದು ಹನ್ನೆರಡು. ಲವಣದ ಪುಡಿ ಅಕ್ಕನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ.

ಈ ಸಲ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಯಜಮಾನರು ದೂರದಿಂದ ಬೇಡ ಎಂದು ಕಣ್ಣಲ್ಲಿ ಹೇಳುತ್ತಿದ್ದರು. ನಾನು ಅವರ ಕಡೆಯಿಂದ ಮುಖ ತಿರುಗಿಸಿಕೊಂಡೆ.

"ಡಾಕ್ಟ್ರಮ್ಮಾ, ಇದನ್ನೇ ನಮ್ಮಕ್ಕ ಮಾಡಿದ್ಲು. ಏಳು ಡಬ್ಬಕ್ಕೆ ಇಳಿಸಿದ್ಲು. ಅದಕ್ಕೇ ಕಳ್ಳಿ ಅಂತ ಓಡಿಸಿದ್ರು. ಆ ಕಾಗದ ನೋಡಿ, ನಿಮ್ಮ ಹಿಂದೇನೇ ಇದೆ."

ಡಾಕ್ಟರು ತಿರುಗಿ ಬಾಗಿಲಿನ ಕಾಗದವನ್ನು ಓದಿದರು. ಮೇಸ್ತ್ರಿ, "ಅದು ಬೇರೆ ವಿಷಯ ಮೇಡಂ, ಅವಳು ಚೀಲ ಬಚ್ಚಿಟ್ಟಿದ್ಲು" ಎಂದ.

"ನಾನೂ ಬಚ್ಚಿಟ್ಟೆ. ಹನ್ನೊಂದೂ ಚೀಲಕ್ಕೆ ನಾನು ಕೈ ಕೊಟ್ಟಿದ್ದೀನಿ. ನೀವು ನೋಡಿದ್ರೆ ಮತ್ತೆ ಹನ್ನೆರಡು ಹಾಕಿಸ್ತೀರಿ ಅಂತ ಬಚ್ಚಿಟ್ವಿ. ಮೂರು ಸಲ ಅಕ್ಕ ನಿಮಗೆ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೀನಿ."

"ಹಾಗಾದ್ರೆ ನೀನೂ ಕಳ್ಳಿ!"

"ಬರೀರಿ ಮತ್ತೆ. ಕಾಗದದಲ್ಲಿ ಜಾಗ ಇದೆ, ಅವಳ ಹೆಸರಿನ ಕೆಳಗೆ ನನ್ನ ಹೆಸರು ಬರೀರಿ!"

ಡಾಕ್ಟರು ಅಧ್ಯಕ್ಷರನ್ನು ನೋಡಿ, "ಆಕೆ ಮಾಡಿದ್ದು ಸರಿಯಾಗಿದೆ. ಆಕೆಯನ್ನ ಇಲ್ಲೇ ಇಟ್ಕೊಂಡಿದ್ರೆ ನೀವು ನನ್ನನ್ನ ಕರೆಸೋ ಪ್ರಮೇಯಾನೇ ಇರ್ತಿರ್ಲಿಲ್ಲ" ಎಂದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಆಗಿದ್ದು ಆಗೋಯ್ತು. ಬೇಕಾದ್ರೆ ಬಂದು ಕೆಲಸಕ್ಕೆ ಸೇರಲಿ, ನಾವೇನೂ ಮನಸಲ್ಲಿ ಇಟ್ಕೊಳ್ಳಲ್ಲ" ಎಂದರು. ಇವರು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ! ದೊಡ್ಡ ಮನಸ್ಸು!

ಅವತ್ತೇ ಸಂಜೆ ಟೈಲರನ ಅಂಗಡಿಯ ಹಿಂದಕ್ಕೆ ಓಡಿದೆ. ಅಕ್ಕ ಹೊಸ್ತಿಲ ಮೇಲೆ ಕೂತು ಸೋಪಿನ ನೀರಿಗೆ ಬಿರಿದ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಆರು ಅಂದ್ರಾ? ನನಗೂ ಆರು ಅಂತಾನೇ ಇತ್ತು. ಮೊದಲನೇ ಸಲ ಅಲ್ವಾ, ಧೈರ್ಯ ಸಾಲ್ಲಿಲ್ಲ" ಎಂದಳು. ಆಮೇಲೆ, "ಕಾಗದ ತಂದ್ಯಾ?" ಎಂದು ಕೇಳಿದಳು.

"ಯಾವ ಕಾಗದ ಅಕ್ಕಾ? ಕೆಲಸಕ್ಕೆ ಬಾ ಅಂತ ಬಾಯಲ್ಲೇ ಹೇಳಿದ್ರು."

"ಕಳ್ಳಿ ಅಂತ ಬರೆದು ಅಂಟಿಸಿದ್ರಲ್ಲ. ಅಲ್ಲ ಅಂತ ಬರೆಯೋಕೆ ಅಲ್ಲಿ ಕಾಗದ ಖರ್ಚಾಗಿದ್ಯಂತಾ?"

ನಾನು ಹೊಸ್ತಿಲ ಕೆಳಗೆ ಕೂತೆ.

"ನೀನು ಇವತ್ತು ಹೇಳಿದ್ದು ಒಳ್ಳೇದಾಯ್ತು. ಆವತ್ತು ಹೆದರಿದ್ದಕ್ಕೂ ನಾನು ಬೈಯಲ್ಲ, ಮಗು ಇರೋಳು ನೀನು. ಆದ್ರೆ ಕಣೇ, ನೀನು ಚೀಲಕ್ಕೆ ಕೈ ಹಾಕ್ದೇ ಇದ್ದಿದ್ರೆ ನಾನೊಬ್ಳೇ ಎಳ್ಕೊಂಡು ಹೋಗ್ತಿದ್ದೆ. ಹಿಡ್ಕೊಂಡೋಳು ನಡುವೆ ಬಿಟ್ಟೆ ನೋಡು, ಅದು ಕಾಲ ಮೇಲೆ ಬಿತ್ತು." ಎದ್ದು ಒಳಗೆ ಹೋಗುತ್ತಾ, "ಕಾಗದ ತಂದ್ರೆ ಬರ್ತೀನಿ ಅಂತ ಹೇಳು ಅವ್ರಿಗೆ" ಎಂದಳು.

ನಾನು ಹೇಳಿದೆ. ಒಂದು ಸಲವಲ್ಲ, ಆ ವರ್ಷ ನಾಲ್ಕು ಸಲ ಅಧ್ಯಕ್ಷರ ಮುಂದೆ ಹೋಗಿ ನಿಂತೆ. ಹಳೆಯದನ್ನು ಕೆದಕಬೇಡ ಎಂದರು. ಬಾಗಿಲಿನ ಕಾಗದವನ್ನು ಯಾರೋ ಕಿತ್ತರು, ಗೋಂದಿನ ಗುರುತು ಉಳಿಯಿತು. ಅಲ್ಲ ಎಂಬ ಕಾಗದ ಬರಲಿಲ್ಲ. ಬರೆದರೆ ಕಮಿಟಿಯ ಮಾನ ಹೋಗುತ್ತದಂತೆ. ಅವಳ ಮಾನವೇನು ಬೂಸಾ ಚೀಲವೇ, ಒದರಿ ಮೂಲೆಗೆ ಎಸೆಯಲು? ಹೊಸ ಚಾರ್ಟನ್ನು ಮಾತ್ರ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಕೆಳಗೆ ಕಮಿಟಿಯ ಐವರ ಹೆಸರನ್ನೂ ಮೇಸ್ತ್ರಿಯ ಹೆಸರನ್ನೂ ಬರೆಸಿದರು. ಡಾಕ್ಟರಿಗೆ ವರ್ಗವಾಯಿತು. ನಿಜ ಹೇಳಿದ ಮೇಲೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಇಷ್ಟಕ್ಕೆ ನಾನು ಆವತ್ತು ಬಾಯಿ ಮುಚ್ಚಿದ್ದು.

ಅಕ್ಕ ಆ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ. ಹಾಸ್ಟೆಲಿನಲ್ಲಿ ಪಾತ್ರೆ ತೊಳೆದಳು. ಒಂದೆರಡು ಹಸು ಕಟ್ಟಿದ್ದ ಮನೆಯವರು ಹೇಗೋ ಸುದ್ದಿ ತಿಳಿದು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಹೋಗಿ ನೋಡಿ, ಹಿಂಡಿ ಇಷ್ಟು, ನುಚ್ಚು ಇಷ್ಟು ಎಂದು ಹೇಳಿ ಬರುತ್ತಿದ್ದಳು. ಆದರೆ ಯಾರ ಮನೆಯ ಹಿಂಡಿಯ ಚೀಲವನ್ನೂ ಕೈಯಿಂದ ಮುಟ್ಟುತ್ತಿರಲಿಲ್ಲ. ನೀವೇ ಅಳೀರಿ, ನಾನು ನೋಡ್ತೀನಿ ಎನ್ನುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮಾತಾಡುತ್ತಿದ್ದಳು, ನಗಿಸುತ್ತಿದ್ದಳು, ನನ್ನ ಮಗಳ ಬಾಣಂತನವನ್ನೂ ನೋಡಿಕೊಂಡಳು. ಕಾಗದದ ಮಾತು ಅವಳಾಗಿ ಎತ್ತಲಿಲ್ಲ. ನಾನು ಬಾಗಿಲಿಗೆ ಬಂದಾಗಲೆಲ್ಲ ಮೊದಲು ನನ್ನ ಕೈ ನೋಡುತ್ತಿದ್ದಳು. ಅಷ್ಟೇ.

ಹದಿನೇಳು ವರ್ಷ ಹಾಗೆ ನೋಡಿ, ಒಂದು ಬೆಳಿಗ್ಗೆ ಹಾಸ್ಟೆಲಿಗೆ ಹೊರಟವಳು ಬಾಗಿಲಲ್ಲೇ ಕುಸಿದು ಜೀವ ಬಿಟ್ಟಳು.

ಮಧ್ಯಾಹ್ನ ಜನ ಬಂದರು. ಎಷ್ಟೊಂದು ದನದ ಮನೆಯವರು! ಅವರ ನಡುವೆ ಮೇಸ್ತ್ರಿಯೂ ಬಂದ. ನಿವೃತ್ತನಾಗಿದ್ದ, ಕೂದಲು ಹಣ್ಣಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ದೊಡ್ಡ ಜೀವ ಕಣಮ್ಮಾ" ಎಂದ. "ಅಂಥ ಕೈಗುಣ ನಾನು ಇನ್ನೊಬ್ಬರಲ್ಲಿ ಕಾಣಲಿಲ್ಲ."

"ಕಳ್ಳಿ ಅಲ್ಲ ಅಂತ ಹೇಳಿ."

"ಈ ಹೊತ್ತಲ್ಲಿ ಯಾಕಮ್ಮಾ ಆ ಮಾತು..."

"ಹೇಳಿ. ಹೇಳ್ದೇ ಒಳಗೆ ಬಿಡಲ್ಲ."

ಅವನು ಆಚೀಚೆ ನೋಡಿದ. ಟೈಲರ್ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ಬೀದಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು. "ಅವಳು ಕಳ್ಳಿ ಅಲ್ಲ" ಎಂದ ಮೆಲ್ಲಗೆ.

"ಅವಳಿಗೆ ಅಷ್ಟು ಮೆಲ್ಲಗೆ ಹೇಳಿದ್ರೆ ಈಗ ಕೇಳ್ಸಲ್ಲ."

"ಅವಳು ಕಳ್ಳಿ ಅಲ್ಲ!" ಎಂದ ಗಟ್ಟಿಯಾಗಿ. "ನಾನೇ ತಪ್ಪು ಮಾಡಿದ್ದು. ಅವಳು ನನಗೆ ಮೂರು ಸಲ ಹೇಳಿದ್ಲು. ಸಾಕಾ?"

ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇನ್ನೂ ಏರಿತು. ಅಷ್ಟು ಸಲೀಸಾಗಿ ಬಂತಲ್ಲ ಆ ಮಾತು! ಒಂದು ಉಸಿರು ಕೂಡ ಹಿಡಿಯಲಿಲ್ಲ. ಮೂರು ಸಲ ಹೇಳಿದ್ದೂ ಅವನಿಗೆ ನೆನಪಿತ್ತು. ಇಷ್ಟನ್ನು ಹದಿನೇಳು ವರ್ಷ ಬಾಯಲ್ಲಿಟ್ಟುಕೊಂಡು ಇದೇ ಊರಿನಲ್ಲಿ ಓಡಾಡುತ್ತಿದ್ದ.

"ಈಗ ಒಳಗೆ ಬರಲಾ?" ಎಂದು ಕೇಳಿದ.

"ಬೇಡ" ಎಂದು ಬಾಗಿಲು ಹಾಕಿದೆ.